ಸುಟ್ಟ ಈಲಿ

ಕುರಿಯ ಹೊಟ್ಟೆ ಸೀಳಿದ ಕೂಡಲೇ ಮೊದಲು ಏನನ್ನು ನೋಡಬೇಕು ಎಂಬುದನ್ನು ನನಗೆ ಇಲಾಖೆ ಕಲಿಸಲಿಲ್ಲ, ದೊಡ್ಡಪ್ಪ ಕಲಿಸಿದ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಪಶುವೈದ್ಯ ಇಲಾಖೆಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿ ನಾನು ತರಬೇತಿಗೆ ಹೋದಾಗ, ಅಲ್ಲಿಯ ಮೇಷ್ಟ್ರು ಕುರಿಯ ಯಕೃತ್ತಿನ ಚಿತ್ರವನ್ನು ಗೋಡೆಗೆ ತೂಗುಹಾಕಿ ಕೋಲಿನಿಂದ ತೋರಿಸುತ್ತಿದ್ದರು. ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಅದು ನಮ್ಮೂರಿನಲ್ಲಿ ಈಲಿ. ಅದರ ಬಣ್ಣ, ಅಂಚು, ಒತ್ತಿದರೆ ಬೆರಳಿಗೆ ಸಿಗುವ ಗಟ್ಟಿ ಎಲ್ಲವೂ ನನಗೆ ಗೊತ್ತಿತ್ತು.

ನಮ್ಮದು ಸಿಂಧಘಟ್ಟ. ಯುಗಾದಿಯ ಮಾರನೆಯ ದಿನ, ಅಂದರೆ ವರ್ಷದ ತೊಡಕಿನ ದಿನ, ಹತ್ತು ಹನ್ನೆರಡು ಮನೆಯವರು ಸೇರಿ ಒಂದು ಕುರಿ ತಂದು, ಕುಯ್ದು, ಮುತ್ತುಗದ ಎಲೆಗಳ ಮೇಲೆ ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಿದ್ದರು. ಗುಡ್ಡೆ ಬಾಡು ಅಂದರೆ ಇದೇ. ತಕ್ಕಡಿ ಇಲ್ಲ. ತೊಡೆಯ ತುಂಡು, ಎದೆಯ ಮೂಳೆ, ಬೋಟಿ, ಚೂರು ಕೊಬ್ಬು, ಎಲ್ಲವೂ ಎಲ್ಲ ಗುಡ್ಡೆಗೂ ಬೀಳಬೇಕು. ಕೊನೆಗೆ ಒಬ್ಬ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಇನ್ನೊಬ್ಬ ಒಂದು ಗುಡ್ಡೆಗೆ ಬೆರಳಿಟ್ಟು "ಇದು ಯಾರ್ಗೆ?" ಎಂದು ಕೇಳಿದರೆ, ಬೆನ್ನು ತಿರುಗಿಸಿದವನು ನೋಡದೆಯೇ ಒಂದು ಮನೆಯ ಹೆಸರು ಹೇಳಬೇಕು. ಜಗಳಕ್ಕೆ ಜಾಗವೇ ಇರುತ್ತಿರಲಿಲ್ಲ.

ಕುಯ್ಯುವ ಕೈ ದೊಡ್ಡಪ್ಪನದು. ನನ್ನ ಅಪ್ಪನ ಅಣ್ಣ ಅವನು. ಆಳು ಕುಳ್ಳ, ಮಾತು ಜೋರು. ಹೆಂಗಸರು ಹತ್ತಿರ ಬರಬಾರದ ಜಾಗಕ್ಕೆ ನನ್ನನ್ನು ಕೂಗಿ ಕರೆಯುತ್ತಿದ್ದ. ಅವ್ವ ರೇಗುತ್ತಿದ್ದಳು. "ನಾಳೆ ಬೇಯ್ಸೋಳು ಅವ್ಳೇ ತಾನೆ? ಏನು ಬೇಯಿಸ್ತಾವ್ಳೆ ಅಂತ ಗೊತ್ತಿರ್ಬ್ಯಾಡ್ವಾ?" ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದ.

ಅವನ ಮೊದಲ ಪ್ರಶ್ನೆ ಯಾವಾಗಲೂ ಕುರಿ ಮೇಯ್ದ ಜಾಗದ ಬಗ್ಗೆ. ಕಿರಂಗೂರಿನ ಕಡೆ ನಾಲೆಯ ಅಂಚಿನಲ್ಲಿ ಮೇಯ್ದದ್ದಾದರೆ ಅವನ ಹುಬ್ಬು ಗಂಟಾಗುತ್ತಿತ್ತು. ನೀರು ನಿಲ್ಲುವ ಕಡೆ ಮೇಯ್ದ ಕುರಿಗೆ ಈಲಿಯಲ್ಲಿ ಚಪ್ಪಟೆ ಹುಳ ಸೇರುತ್ತದೆ. ನಾಗಮಂಗಲದ ಕಡೆಯ ಒಣ ಬೀಳಿನ ಕುರಿಯಾದರೆ ಮುಖ ಅರಳುತ್ತಿತ್ತು. ಹೊಟ್ಟೆ ಬಿಚ್ಚಿದ ಮೇಲೆ ಬೇರೇನನ್ನೂ ಮುಟ್ಟದೆ ಈಲಿಯನ್ನು ಎರಡು ಅಂಗೈ ಮೇಲೆ ತೆಗೆದುಕೊಂಡು ಬಿಸಿಲಿಗೆ ಹಿಡಿಯುತ್ತಿದ್ದ. ಚೆನ್ನಾಗಿದ್ದರೆ ಅಲ್ಲೇ ಕೆಂಡದ ಮೇಲೆ ಹಾಕಿ, ಉಪ್ಪು ಉದುರಿಸಿ, ಅಲ್ಲಿದ್ದವರಲ್ಲಿ ಹಿರಿಯನಿಗೋ ನೆಂಟನಿಗೋ ಮೊದಲ ತುಂಡು ಕೊಡುತ್ತಿದ್ದ. ಕುಯ್ದವನು ಈಲಿ ಸುಟ್ಟು ಕೊಟ್ಟನೆಂದರೆ ಬಾಡು ಚೆನ್ನಾಗಿದೆ ಎಂದು ಅರ್ಥ. ಎರಡನೆಯ ತುಂಡು ನನ್ನದು. ಹೊರಗೆ ಹೊಗೆವಾಸನೆ, ಒಳಗೆ ಬೆಣ್ಣೆಯಷ್ಟು ಮೆತ್ತಗೆ. ಆಮೇಲೆ ಎಷ್ಟೋ ಊರುಗಳಲ್ಲಿ ಉಂಡೆ, ಅಂಥ ತುಂಡು ಮತ್ತೆ ಸಿಗಲಿಲ್ಲ.

ಚೂರಿ ಹಿಡಿಯುವ ಹಕ್ಕು ಅವನಿಗೆ ಸುಮ್ಮನೆ ಬಂದದ್ದಲ್ಲ. ಬೇಟೆಗೆ ಇನ್ನೂ ಅಡ್ಡಿಯಿಲ್ಲದ ಕಾಲದಲ್ಲಿ, ಅವನ ಪ್ರಾಯದಲ್ಲಿ, ನಾಗಮಂಗಲದ ಕುರುಚಲು ಕಾಡಿಗೆ ಊರಿನ ಗಂಡಸರು ಮೊಲಕ್ಕೆ, ಹಂದಿಗೆ, ಅಪರೂಪಕ್ಕೆ ಜಿಂಕೆಗೆ ಹೋಗುತ್ತಿದ್ದರಂತೆ. ಹೊಡೆದವನೇ ಕುಯ್ಯುವಂತಿರಲಿಲ್ಲ. ಕರುಳಿಗೆ ಚೂರಿಯ ತುದಿ ತಾಗದಂತೆ ಮೂರು ಮೊಲಗಳನ್ನು ಹಿರಿಯರ ಎದುರು ಬಿಚ್ಚಿ ತೋರಿಸಿದವನಿಗೆ ಮಾತ್ರ ದೊಡ್ಡ ಪ್ರಾಣಿಯ ಮೇಲೆ ಕೈ. ಎರಡನೆಯ ಮೊಲದಲ್ಲಿ ಕರುಳು ಒಡೆದು ದೊಡ್ಡಪ್ಪ ಒಂದು ವರ್ಷ ಬರೀ ಸೌದೆ ಹೊತ್ತನಂತೆ. ಕಾನೂನು ಬಂದ ಮೇಲೆ ಬೇಟೆ ನಿಂತಿತು, ಆ ಚೂರಿ ಕುರಿಗೆ ಇಳಿಯಿತು.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ದೊಡ್ಡಪ್ಪ ಹೊಲವನ್ನು ಮಕ್ಕಳಿಗೆ ಬಿಟ್ಟು, ಪ್ರತಿ ಭಾನುವಾರ ಪೇಟೆಯ ಹುಣಸೆ ಮರದ ಕೆಳಗೆ ಕುರಿಮರಿ ಕುಯ್ದು ಮಾರುತ್ತಿದ್ದ. ಬೇಗ ಹೋದವರಿಗೆ ಮಾತ್ರ ಬಾಡು ಸಿಗುತ್ತಿತ್ತು. ಸೋಮವಾರದಿಂದಲೇ ಅವನಿಗೆ ಮುಂದಿನ ಭಾನುವಾರದ ಧ್ಯಾನ. ಆ ಜಾಗ ಹೋದರೆ ಮನುಷ್ಯ ಮಂಕಾಗುತ್ತಾನೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ಜಾಗಕ್ಕೇ ಕುತ್ತು ಬಂತು. ಮರದ ಕೆಳಗೆ ಕುಯ್ಯುವಂತಿಲ್ಲ, ಹೊಸದಾಗಿ ಕಟ್ಟಿದ ವಧಾಗಾರದಲ್ಲಿ ಕುಯ್ಯಬೇಕು, ಅಲ್ಲಿ ಕುಯ್ಯಲು ಮೂರು ದಿನದ ನೈರ್ಮಲ್ಯ ತರಬೇತಿ ಮುಗಿಸಿ ಪರೀಕ್ಷೆ ಪಾಸಾದ ಕಾಗದ ಇರಬೇಕು ಎಂದಾಯಿತು. ಪಾಠ ಮಾಡಲು ಹೊರಗಿನಿಂದ ಒಬ್ಬ ಡಾಕ್ಟರು ಬಂದರು. ಅವರ ಪಾಠದಲ್ಲಿ ಬರುವ ಇಂಗ್ಲಿಷ್ ಪದಗಳನ್ನು ಊರ ಮಾತಿಗೆ ತರುವ ಕೆಲಸ ನನಗೆ ಬಿತ್ತು. ಬಿಳಿ ಪಂಚೆ ಉಟ್ಟು ದೊಡ್ಡಪ್ಪ ಮುಂದಿನ ಸಾಲಿನಲ್ಲೇ ಕೂತ. ಹಿಂದಿನ ಸಾಲಿನಿಂದ ಒಬ್ಬ, "ಗೌಡ್ರಿಗೇನು ಬುಡಿ, ಮನೆ ಮಗ್ಳೇ ಅವ್ಳೆ, ಪಾಸೇಯ," ಎಂದ. ಎಲ್ಲರೂ ನಕ್ಕರು. ನನಗೆ ಮುಖಕ್ಕೆ ಹೊಡೆದಂತಾಯಿತು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಪಾಠವೇನೂ ಕೆಟ್ಟದ್ದಲ್ಲ. ಕೈ ತೊಳೆಯುವುದು, ಮರಿಯನ್ನು ನೆಲದ ಮೇಲೆ ಹಾಕದೆ ಕೊಕ್ಕೆಗೆ ತೂಗುಹಾಕುವುದು, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಚೂರಿಯನ್ನು ಕುದಿನೀರಿಗೆ ಅದ್ದುವುದು. ದೊಡ್ಡಪ್ಪ ಎಲ್ಲವನ್ನೂ ಒಪ್ಪಿಕೊಂಡ. ಕುದಿನೀರಿನ ವಿಷಯ ಬಂದಾಗಂತೂ, "ಇದು ನಮ್ಗ್ಯಾಕೆ ಒಳೀನಿಲ್ಲ ಕಣವ್ವ!" ಎಂದು ತೊಡೆ ತಟ್ಟಿಕೊಂಡ. ಆ ಡಾಕ್ಟರೂ ಒಳ್ಳೆಯವರೇ. ಕುರಿ ಎಲ್ಲಿ ಮೇಯ್ದದ್ದು ಎಂದು ಮೊದಲು ಕೇಳಬೇಕು ಅನ್ನುವ ದೊಡ್ಡಪ್ಪನ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡರು.

ಮೂರನೆಯ ದಿನ ಪರೀಕ್ಷೆ. ಒಬ್ಬೊಬ್ಬರೂ ಒಂದು ಮರಿ ಕುಯ್ದು, ಈಲಿ, ಗುಂಡಿಗೆ, ಶ್ವಾಸಕೋಶಗಳನ್ನು ತಟ್ಟೆಯಲ್ಲಿಟ್ಟು ಡಾಕ್ಟರಿಗೆ ತೋರಿಸಬೇಕು. ಅವರು ನೋಡಿದ ಮೇಲೆಯೇ ಮುದ್ರೆ. ದೊಡ್ಡಪ್ಪನ ಸರದಿ ಬಂತು. ನಿಂತವರೆಲ್ಲ ಅವನ ಕೈಯನ್ನೇ ನೋಡುತ್ತಿದ್ದರು. ಒಂದು ಹನಿ ಹೊಲಸು ಹೊರಗೆ ಬೀಳಲಿಲ್ಲ. ಅಷ್ಟರಲ್ಲಿ ಯಾರೋ ಫೋನು ಬಂದಿದೆ ಎಂದು ಕರೆದರು, ಡಾಕ್ಟರು ಪಕ್ಕದ ಕಚೇರಿಗೆ ಹೋದರು.

ದೊಡ್ಡಪ್ಪ ಈಲಿಯನ್ನು ಅಂಗೈ ಮೇಲೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ನಾನು ಪಕ್ಕದಲ್ಲೇ ಇದ್ದೆ. ನಯವಾದ, ಕಡುಗೆಂಪಿನ ಈಲಿ, ಒಂದು ಮಚ್ಚೆಯಿಲ್ಲ. ಅವನ ಮುಖ ಅರಳಿತು. ಚೂರಿಯ ನೀರು ಕಾಯಿಸಲು ಹಾಕಿದ್ದ ಒಲೆಯಲ್ಲಿ ಕೆಂಡ ನಿಗಿನಿಗಿ ಎನ್ನುತ್ತಿತ್ತು. ತಟ್ಟೆ ಎಡಗಡೆ ಇತ್ತು, ಕೆಂಡ ಬಲಗಡೆ. ಅವನ ಕೈ ಬಲಕ್ಕೆ ಹೋಯಿತು.

ನಾನು ತಡೆಯಬಹುದಿತ್ತು. "ದೊಡ್ಡಪ್ಪ" ಎಂದು ಒಂದು ಸಲ ಕರೆದಿದ್ದರೆ ಸಾಕಿತ್ತು. ಆದರೆ ಆ ಚುರ್ ಎನ್ನುವ ಸದ್ದು ಕಿವಿಗೆ ಬಿತ್ತು, ಹೊಗೆ ಮೂಗಿಗೆ ಬಂತು. ಕೆಲಸ ಸಿಕ್ಕಿದಂದಿನಿಂದ ತೊಡಕಿಗೆ ಊರಿಗೆ ಹೋಗಲಾಗಿರಲಿಲ್ಲ ನನಗೆ. ಸರ್ಕಾರ, ಪರೀಕ್ಷೆ, ಮುದ್ರೆ ಎಲ್ಲ ಮರೆತು ನನ್ನ ತುಂಡಿಗಾಗಿ ಕಾಯುತ್ತಾ ನಿಂತುಬಿಟ್ಟೆ.

ಡಾಕ್ಟರು ಬಾಗಿಲಲ್ಲಿ ಕಾಣಿಸಿಕೊಂಡಾಗ ದೊಡ್ಡಪ್ಪ ಎಲೆಯ ಮೇಲೆ ಬಿಸಿ ಈಲಿ ಹಿಡಿದು ಎದುರಿಗೆ ಹೋದ. "ತಗಳಿ ಸಾಮಿ. ನೀವು ನಮ್ಮೂರ್ಗೆ ಬಂದಿರೋ ನೆಂಟ್ರು. ಮೊದುಲ್ನೇದು ನಿಮ್ದೇಯ."

ಡಾಕ್ಟರಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. "ಗೌಡ್ರೇ, ನಾನು ನೋಡಬೇಕಾದ್ದನ್ನೇ ಸುಟ್ಟುಬಿಟ್ಟಿರಲ್ಲ," ಎಂದರು. ಸುತ್ತ ನಿಂತವರು ಗೊಳ್ಳೆಂದು ನಕ್ಕರು. ದೊಡ್ಡಪ್ಪ ಎಲೆ ಹಿಡಿದುಕೊಂಡೇ ನಿಂತಿದ್ದ. ಡಾಕ್ಟರು ಸ್ವಲ್ಪ ಯೋಚಿಸಿ ನನ್ನ ಕಡೆ ತಿರುಗಿದರು. "ನೀವು ಇಲ್ಲೇ ಇದ್ರಲ್ಲಮ್ಮ. ಸುಡೋ ಮೊದಲು ನೋಡಿದ್ರಾ? ನೀವು ನೋಡಿದ್ದೀರಿ, ಸರಿಯಾಗಿತ್ತು ಅಂದ್ರೆ ನನಗೆ ಸಾಕು."

ನಗುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಮನೆ ಮಗಳು ಎಂದವನು ಅವರಲ್ಲಿ ಎಲ್ಲರಿಗಿಂತ ಮುಂದೆಯೇ ಇದ್ದ. ಹೌದು ಎಂದರೆ ನಾಳೆ ಪೇಟೆಯಲ್ಲೆಲ್ಲ ಅದೇ ಮಾತು, ನಾಡಿದ್ದು ಇಲಾಖೆಯಲ್ಲಿ. ನನ್ನ ನಾಲಿಗೆ ನನಗಿಂತ ಬೇಗ ಹೊರಳಿತು.

"ಇಲ್ಲ ಸಾರ್. ನಾನು ನೋಡಲಿಲ್ಲ."

ಮುಂದಿನ ಸಲದ ತರಬೇತಿಗೆ ಬನ್ನಿ ಎಂದು ಡಾಕ್ಟರು ದೊಡ್ಡಪ್ಪನ ಭುಜ ತಟ್ಟಿದರು. ಈಲಿ ಎಲೆಯ ಮೇಲೆ ತಣ್ಣಗಾಯಿತು. ಯಾರೂ ಮುಟ್ಟಲಿಲ್ಲ.

ಸಂಜೆ ಊರಿಗೆ ಹೋಗುವ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಬೈದರೆ ಬೈಯಲಿ ಎಂದು ಕಾದೆ. ಅರ್ಧ ದಾರಿಯವರೆಗೂ ಅವನು ಕಿಟಕಿಯಾಚೆ ನೋಡುತ್ತಿದ್ದ. ಆಮೇಲೆ ಬಹಳ ಮೆತ್ತಗೆ ಕೇಳಿದ:

"ಈಲಿ ನೋಡ್ದೇನೇ ಅಂಗೇ ನಿಂತಿದ್ಯಾ ಮಗ? ಅಷ್ಟು ಅತ್ರದಲ್ಲಿದ್ದು?"

ಫೇಲಾದದ್ದು ಆಗ ಅವನಿಗೆ ಇನ್ನೂ ನಾಟಿರಲಿಲ್ಲ. ನಾನು ಸುಳ್ಳು ಹೇಳಿದ್ದೇನೆ ಎನ್ನುವುದು ಅವನ ತಲೆಗೇ ಬಂದಿರಲಿಲ್ಲ. ಅವನು ಕಲಿಸಿದ್ದೆಲ್ಲ ನನ್ನಿಂದ ಅಳಿಸಿಹೋಯಿತೆಂದು ಸಂಕಟಪಡುತ್ತಿದ್ದ. ನೋಡಿದ್ದೆ ದೊಡ್ಡಪ್ಪ, ನಿನ್ನಷ್ಟೇ ಚೆನ್ನಾಗಿ ನೋಡಿದ್ದೆ ಎನ್ನಬೇಕೆನಿಸಿತು. ಹಾಗೆಂದರೆ ನಾನು ಸುಳ್ಳು ಹೇಳಿದವಳೆಂದು ತಿಳಿದು, ಅವನಿಗೆ ನನ್ನ ಮೇಲೆ ಉಳಿದಿದ್ದ ನಂಬಿಕೆಯೂ ಹೋಗುತ್ತಿತ್ತು.

ಮುಂದಿನ ಸಲದ ತರಬೇತಿಗೆ ಅವನು ಬರಲಿಲ್ಲ. ಪೇಟೆಯ ಜಾಗ ಬೇರೆಯವರ ಪಾಲಾಯಿತು. ಊರಿನ ತೊಡಕಿಗೂ ಚೂರಿ ಹಿಡಿಯಲಿಲ್ಲ. "ಪಾಸಾಗ್ದೆ ಇರೋನು ಕುಯ್ದ್ರೆ ಯಾರಾರ ಉಣ್ತಾರ?" ಎಂದುಬಿಟ್ಟ. ಯಾರು ಬಂದು ಎಷ್ಟು ಕರೆದರೂ ಏಳಲಿಲ್ಲ. ಒಂದೆರಡು ವರ್ಷದಲ್ಲಿ ನಮ್ಮ ಬೀದಿಯವರು ಗುಡ್ಡೆ ಹಾಕುವುದನ್ನೇ ಬಿಟ್ಟು ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತೂಗಿಸಿ ತರತೊಡಗಿದರು.

ನನ್ನ ಕೆಲಸ ಖಾಯಂ ಆಯಿತು. ಪಾಂಡವಪುರಕ್ಕೆ, ಆಮೇಲೆ ಶ್ರೀರಂಗಪಟ್ಟಣಕ್ಕೆ ವರ್ಗವಾಯಿತು. ಅಲ್ಲಿ ನಾನೇ ತರಬೇತಿ ಕೊಡುವವಳಾದೆ. ಮೂರು ದಿನ ಎರಡಾಯಿತು, ಎರಡು ಒಂದಾಯಿತು. ದಶಕ ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಊಟದೊಳಗೆ ಪಾಠ ಮುಗಿದು, ಹಾಜರಿ ಹಾಕಿದವರಿಗೆಲ್ಲ ಕಾಗದ ಸಿಗುತ್ತಿತ್ತು. ಕುಯ್ದು ತೋರಿಸುವ ಪದ್ಧತಿಯೇ ಹೋಯಿತು. ಆ ಕಾಗದಗಳಿಗೆ ಸಹಿ ಹಾಕುವಾಗೆಲ್ಲ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಕೊನೆಯ ಸಲ ನೋಡಿದಾಗ ದೊಡ್ಡಪ್ಪ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದ. ಈ ಸಲ ಹೇಳಿಯೇ ಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದೆ. ನಾನು ಬಾಯಿ ತೆರೆಯುವ ಮೊದಲು ಅವನೇ ಕೇಳಿದ.

"ಈಗ ಈಲಿ ನೋಡ್ತೀಯೇನವ್ವ?"

"ನೋಡ್ತೀನಿ ದೊಡ್ಡಪ್ಪ. ಮೊದಲು ಅದನ್ನೇ ನೋಡ್ತೀನಿ."

ಅವನ ಮುಖದಲ್ಲಿ ಅಷ್ಟು ವರ್ಷಗಳಿಂದ ಕಾಣದ ಗೆಲುವು ಬಂತು. "ಅಂಗಾರೆ ಬುಡು," ಎಂದ. "ಅವತ್ತು ನಾನು ಫೇಲಾದ್ದು ನಿಂಗಾರಾ ಪಾಠ ಆಯ್ತಲ್ಲ."

ನಾನು ಹೂಂ ಅಂದೆ.