ಪರದೇಶಿ ಎಂಬ ಅನುವಾದ

ನಾವು ದುಡಿಯುವ ಕೊಲ್ಲಿ ದೇಶದ ಅದ್ಲಿಯಾ ಪೇಟೆಯ ಹೋಟೆಲಿನಲ್ಲಿ ಊಟದ ನಡುವೆ ನಮ್ಮ ವೇಲ್ಸಿನ ಮ್ಯಾನೇಜರ್ ತನ್ನ ನಾಡಿನ ಹೆಸರಿನ ಮೂಲ ಹೇಳಿದ. ಅವನ ಪೂರ್ವಿಕರಾದ ಕೆಲ್ಟಿಕ್ ಜನ ಅಲ್ಲಿ ಮೊದಲೇ ಇದ್ದವರು. ಆಮೇಲೆ ಬಂದ ಇಂಗ್ಲಿಷರು ಅವರನ್ನೇ ‘ಹೊರಗಿನವರು’ ಎಂಬರ್ಥದ ಪದದಿಂದ ಕರೆದರು, ಅದೇ ವೇಲ್ಸ್ ಆಯಿತು; ಮುಂದೆ ಆ ಪದಕ್ಕೆ ಗುಲಾಮನೆಂಬ ಅರ್ಥವೂ ಬಂತು. ಹೇಳುವಾಗ ಅವನ ಕಣ್ಣು ತುಂಬಿತ್ತು, ಅಥವಾ ಅದನ್ನು ಈಗ ನಾನು ಸೇರಿಸುತ್ತಿದ್ದೇನೆ.

“ಇದು ನಮ್ಮ ಪರದೇಶಿ ಅಲ್ವಾ ಮಾರಾಯ!” ಎಂದು ಉಡುಪಿಯ ಸಹೋದ್ಯೋಗಿ ನನ್ನತ್ತ ತಿರುಗಿ ಗಟ್ಟಿಯಾಗಿ ನಕ್ಕ. ಅವನ ವೀಸಾ ನವೀಕರಣ ಮ್ಯಾನೇಜರನ ಸಹಿಗೆ ಕಾದಿತ್ತು.

ಯಾಕೆ ನಗು ಎಂದು ಮ್ಯಾನೇಜರ್ ಕೇಳಿದಾಗ ನಾನೇ ವಿವರಿಸಿದೆ: ಪರದೇಶಿ ಎಂದರೆ ಹೊರಗಿನವನು, ದಿಕ್ಕಿಲ್ಲದ ಭಿಕಾರಿಯೂ ಹೌದು. ಅವನು ಆ ಪದವನ್ನು ಎರಡು ಸಲ ಹೇಳಿ ಕಲಿತ.

ಮುಂದಿನ ವಾರ ವೀಸಾ ರದ್ದಾದ ಕಾಗದವನ್ನು ಸಹೋದ್ಯೋಗಿಯ ಕೈಗಿಡುವಾಗ ಮ್ಯಾನೇಜರ್ ಆ ಪದವನ್ನೇ ಹೇಳಿದ. ಉಚ್ಚಾರಣೆ ನನ್ನದೇ. ನಾನೂ ನಕ್ಕೆ.