ಲಷ್ಕರ್ ಮೊಹಲ್ಲಾದಲ್ಲಿ ಉಕ್ಕಿದ ಹಾಲು

ಮೊದಲ ದಿನ ಕೇಂದ್ರದ ಬಾಗಿಲು ತೆಗೆದರೆ ಬಂದವರೆಲ್ಲ ಮಲಗಿಬಿಟ್ಟರು. ಹಸಿದು ಬರುತ್ತಾರೆಂದು ಉಪ್ಪಿಟ್ಟು ಮಾಡಿಟ್ಟುಕೊಂಡು ಕಾದಿದ್ದೆ. ಒಬ್ಬರೂ ಅದರ ಕಡೆ ನೋಡಲಿಲ್ಲ. ಚೀಲ ತಲೆಗಿಟ್ಟುಕೊಂಡರು, ಗೊರಕೆ ಹೊಡೆದರು. ಬಸ್ ಸ್ಟ್ಯಾಂಡಿನಲ್ಲಿ, ಅಂಗಡಿ ಮೆಟ್ಟಿಲ ಮೇಲೆ ಮಲಗುವವರನ್ನು ರಾತ್ರಿಯೆಲ್ಲ ಯಾರಾದರೂ ಎಬ್ಬಿಸುತ್ತಲೇ ಇರುತ್ತಾರೆ, ನಿದ್ದೆಗೆ ಹಗಲೇ ಗತಿ. ಮನೆಯಿಲ್ಲದವರಿಗಾಗಿ ಹಗಲು ಕೇಂದ್ರ ನಡೆಸುತ್ತೇನೆಂದು ಧಾರವಾಡ ಬಿಟ್ಟು ಮೈಸೂರಿನ ಲಷ್ಕರ್ ಮೊಹಲ್ಲಾಕ್ಕೆ ಬಂದವಳಿಗೆ ಇಷ್ಟೂ ಗೊತ್ತಿರಲಿಲ್ಲ, ನೋಡಿ.

ಮನೆ ನನಗೂ ಇರಲಿಲ್ಲ. ಹಾಸ್ಟೆಲ್ಲಿನಲ್ಲಿದ್ದುಕೊಂಡು ಬಾಡಿಗೆ ಮನೆ ಹುಡುಕುತ್ತಿದ್ದೆ. ನಮ್ಮ ಧಾರವಾಡದ ಕಡೆ ಮನೆ ಕೊಡುವುದಿಲ್ಲ ಅನ್ನುವುದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ, ನಾವೂ ನಾಲ್ಕು ಮಾತು ಅಂದು ಹಗುರಾಗಬಹುದು. ಇಲ್ಲಿ ಕಾಫಿ ಕೊಟ್ಟು, ಊರು ಕೇರಿ ವಿಚಾರಿಸಿ, ಎಷ್ಟು ಮೆತ್ತಗೆ ಇಲ್ಲ ಅನ್ನುತ್ತಾರೆಂದರೆ ಅವರು ಅಂದದ್ದು ಇಲ್ಲ ಅಂತ ಬೀದಿ ತಿರುವಿಗೆ ಬಂದ ಮೇಲೇ ತಿಳಿಯುತ್ತದೆ. ಕೊನೆಗೆ ಲಕ್ಷ್ಮೀಪುರಂನಲ್ಲಿ ಒಬ್ಬರು ಒಪ್ಪಿದರು. “ನೀವು ಧಾರಾಳವಾಗಿ ಬನ್ನಿ ಮೇಡಂ. ನಿಮ್ಮ ಕೇಂದ್ರದೋರು ಮಾತ್ರ ಗೇಟ್ ಒಳಗೆ ಬರೋದು ಬೇಡ ಕಣ್ರೀ.” ಬೇರೆ ದಾರಿ ಇರಲಿಲ್ಲ, ಹ್ಞೂಂ ಅಂದೆ.

ಆ ಮನೆಯಲ್ಲಿ ಜೋಳದ ರೊಟ್ಟಿ ಬಡಿದರೆ ಸದ್ದು ಮನೆ ತುಂಬ. ತಿನ್ನುವವಳು ನಾನೊಬ್ಬಳೇ. ಎರಡನೇ ರೊಟ್ಟಿ ಬಡಿಯುವ ಹೊತ್ತಿಗೆ ಅಳು ಬರುತ್ತಿತ್ತು.

ಕೇಂದ್ರಕ್ಕೆ ದಿನಾ ಬರುವ ಮುದುಕಿ ನಿಂಗಮ್ಮನಿಗೆ ಮಾತ್ರ ನನಗೆ ಮನೆ ಸಿಕ್ಕಿದ್ದು ಭಾರಿ ಸಂಭ್ರಮ.

“ಆಲು ಉಕ್ಸಿದ್ಯಾ ಅವ್ವ?” ಅಂದರು. ಹಾಲು ಇಲ್ಲಿ ಕೆಲವರ ಬಾಯಲ್ಲಿ ಆಲು.

“ಇಲ್ಲವ್ವಾ. ಇಲ್ಲಿ ನನಗ ಯಾರದಾರ?”

“ಆಲುಕ್ಕುಸ್ದೇ ಮನೇಲಿ ಅದೆಂಗೆ ಇದ್ದೀಯೆ? ಒಬ್ಳೇ ಉಕ್ಕುಸ್ಬಾರ್ದು ಕಣವ್ವ. ಸುಕ್ರವಾರ ನಾನೇ ಬತ್ತೀನಿ ಬುಡು.”

ಗೇಟಿನ ಮಾತು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ಎಲ್ಲಿಂದಲೋ ತಂದ ಒಂದು ತುಂಡು ಮಲ್ಲಿಗೆ ಹಿಡಿದು ನಿಂಗಮ್ಮ ಕೇಂದ್ರಕ್ಕೆ ಬಂದೇಬಿಟ್ಟರು. ಆಗ ಹೇಳಿದೆ. ಸೆರಗು ಸರಿಮಾಡಿಕೊಂಡರು.

“ಓಗ್ಲಿ ಬುಡವ್ವ. ಒಲೆ ಇಲ್ಲೂ ಅದೆಯಲ್ಲ.”

ಕೇಂದ್ರದ ಟೀ ಪಾತ್ರೆಯನ್ನು ತಿಕ್ಕಿ ತೊಳೆದು ಮಲ್ಲಿಗೆ ಸುತ್ತಿದರು. ಮಲಗಿದ್ದವರನ್ನೂ ಬಿಡದೆ ಎಬ್ಬಿಸಿ ನಿಲ್ಲಿಸಿದರು. ಹಾಲು ಉಕ್ಕಿ ಪೂರ್ವದ ಕಡೆ ಚೆಲ್ಲಿತು. “ಮೂಡ್ಲಾಗೇ ಉಕ್ತು ಕಣವ್ವ, ಒಳ್ಳೇದಾಯ್ತದೆ,” ಅಂದರು. ಲೋಟದಲ್ಲಿ ಎಲ್ಲರಿಗೂ ಒಂದೊಂದು ಗುಟುಕು ಬಂತು. ಮೈಸೂರಿಗೆ ಬಂದ ಮೇಲೆ ನಾನು ಮನಸಾರೆ ನಕ್ಕಿದ್ದು ಅವತ್ತೇ.

ಸಂಜೆ ಐದಕ್ಕೆ ಕೇಂದ್ರ ಮುಚ್ಚಬೇಕು. ಎಲ್ಲರನ್ನೂ ಹೊರಗೆ ಕಳಿಸಿ, ಹಾಲು ಉಕ್ಕಿದ ಮನೆಗೆ ನಾನೇ ಬೀಗ ಹಾಕಿದೆ. ನಿಂಗಮ್ಮ ಬಸ್ ಸ್ಟ್ಯಾಂಡಿನ ಕಡೆ ಹೊರಟರು, ನಾನು ಲಕ್ಷ್ಮೀಪುರಂ ಕಡೆ.

ಗೇಟು ದಾಟುತ್ತಿರುವಾಗ ಧಾರವಾಡದಿಂದ ಅಕ್ಕ ಫೋನ್ ಮಾಡಿದಳು. “ಅಂತೂ ಮನಿ ಸಿಕ್ತೇನವಾ?”

“ಸಿಕ್ಕೇತಿ ಅಕ್ಕಾ,” ಅಂದೆ, “ಹಗಲಿಗಷ್ಟ.”