ಎಡಗಡೆಯ ಬಾಗಿಲು

ಜೇಜು ದ್ವೀಪದ ಆ ಹಳ್ಳಿಗೆ ಮಲ್ಜಾ ಸೊಸೆಯಾಗಿ ಬಂದಾಗ ಅವಳಿಗೆ ಹತ್ತೊಂಬತ್ತು. ತವರು ಬೆಟ್ಟದ ಆಚೆ ಮಗ್ಗುಲಿಗೆ. ಅತ್ತೆಗೆ ಬಾಯಿ ಜೋರು. ಗಂಡ ಗಿಲ್ಬೋಗೆ ಬಾಯಿ ಇದೆಯೋ ಇಲ್ಲವೋ ಎಂಬುದೇ ಊರವರಿಗೆ ಅನುಮಾನ. ಇವರಿಬ್ಬರ ನಡುವೆ ಸಿಕ್ಕಿಕೊಂಡ ಹುಡುಗಿ ಯಾರ ಹತ್ತಿರ ಮಾತಾಡಬೇಕು, ನೀವೇ ಹೇಳಿ? ಅವಳು ಹೊಲದ ಸಮಾಧಿಯ ಹತ್ತಿರ ಮಾತಾಡಿದಳು.

ಹೊಲದ ನಟ್ಟನಡುವೆ ಸಮಾಧಿ ಇರುವುದು ಆ ಕಡೆ ಹೊಸತೇನಲ್ಲ. ಹುಲ್ಲು ಹೊದ್ದ ಮಣ್ಣುಗುಡ್ಡೆ, ಸುತ್ತ ಸೊಂಟಮಟ್ಟದ ಕಪ್ಪು ಕಲ್ಲುಗೋಡೆ, ಗೋಡೆಯಲ್ಲಿ ಒಂದು ಕಿರುಸಂದಿ. ಒಳಗೆ ಮಲಗಿದವರು ಹೋಗಿಬರಲು ಬಿಟ್ಟ ಬಾಗಿಲು ಅದು. ಗಂಡಸಾದರೆ ಎಡಕ್ಕೆ, ಹೆಂಗಸಾದರೆ ಬಲಕ್ಕೆ. ಉಳುವವರು ಸಮಾಧಿಯನ್ನು ಸುತ್ತುಬಳಸಿ ಉಳುತ್ತಾರೆ, ಅಷ್ಟೆ. ಮಲ್ಜಾಳ ಹೊಲದ ಸಮಾಧಿ ಯಾರದೆಂದು ಅವಳ ಮಾವನಿಗೂ ತಿಳಿದಿರಲಿಲ್ಲ. ವಾರಸುದಾರರು ಕಷ್ಟಕಾಲದಲ್ಲಿ ಸಮುದ್ರ ದಾಟಿ ಜಪಾನಿಗೆ ಹೋದರಂತೆ ಎನ್ನುವುದಷ್ಟೇ ಸುದ್ದಿ.

ಅವಳು ಬಂದ ವರ್ಷವೇ ಚಂಡಮಾರುತ ಬಡಿದು ಆ ಗೋಡೆ ಪೂರ್ತಿ ಕುಸಿಯಿತು.

“ನಿನ್ನ ಸೊಂಟಕ್ಕೇನು ರೋಗ ಬಂದಿದ್ಯಾ? ಹೋಗಿ ಕಟ್ಟು,” ಎಂದಳು ಅತ್ತೆ.

ಎರಡು ದಿನ ಒಬ್ಬಳೇ ಕಲ್ಲು ಹೊತ್ತಳು. ಸಂದಿ ಮೊದಲು ಎಲ್ಲಿತ್ತೆಂದು ಅವಳಿಗೆ ಚೆನ್ನಾಗಿ ನೆನಪಿತ್ತು. ಎಡಕ್ಕಿತ್ತು. ಕಟ್ಟುತ್ತ ಕಟ್ಟುತ್ತ ಆ ಜಾಗಕ್ಕೆ ಬಂದವಳು ಒಂದು ಗಳಿಗೆ ನಿಂತಳು, ಸುತ್ತ ನೋಡಿದಳು, ಯಾರೂ ಇರಲಿಲ್ಲ. ಕಲ್ಲಿಟ್ಟು ಮುಚ್ಚಿಬಿಟ್ಟಳು. ಸಂದಿಯನ್ನು ಬಲಕ್ಕೆ ಬಿಟ್ಟಳು. ಅವಳಿಗೆ ಬೇಕಾಗಿದ್ದದ್ದು ಒಬ್ಬ ಅಕ್ಕ.

ಅಲ್ಲಿಂದ ಮುಂದೆ ಅವಳ ಬಾಳು ಒಂದು ಹದಕ್ಕೆ ಬಂತು ನೋಡಿ. ಬೆಳಗ್ಗೆ ಹಂದಿಗೆ ಹಾಕಿ, ಒಲೆ ಹೊತ್ತಿಸಿ, ಬಾರ್ಲಿ ಅನ್ನ ಬೇಯಿಸಿ, ಅತ್ತೆಯ ಬೈಗುಳದ ಪಾಲನ್ನೂ ತೆಗೆದುಕೊಂಡು, ಬುಟ್ಟಿ ಹೊತ್ತು ಕಲ್ಲುಗೋಡೆಗಳ ನಡುವಿನ ದಾರಿಯಲ್ಲಿ ಹೊಲಕ್ಕೆ. ಮಧ್ಯಾಹ್ನ ಆ ಸಂದಿಯ ಬಳಿ ಕೂತು ಬುತ್ತಿ ಬಿಚ್ಚುವಳು. ಮೊದಲ ತುತ್ತು, ಜೊತೆಗೆ ಉಪ್ಪುಮೀನಿನ ಒಂದು ಚೂರು, ಗೋಡೆಯೊಳಗೆ. ಆಮೇಲೆ ಮಾತು. ಮೂಲಂಗಿ ಎಷ್ಟು ದಪ್ಪ ಬಂತು, ಹುದುಗಲೆಂದು ಜಂತಿಗೆ ತೂಗುಹಾಕಿದ ಸೋಯಾ ಉಂಡೆಗೆ ಯಾವ ಬಣ್ಣದ ಬೂಸ್ಟು ಹಿಡಿಯಿತು, ಸಂಜೆಗೆ ಏನು ಸಾರು. ಐದನೇ ತಿಂಗಳಲ್ಲಿ ಇಳಿದುಹೋದ ಬಸಿರಿನ ವಿಷಯವನ್ನು ಅವಳು ಹೆತ್ತ ತಾಯಿಗೂ ಹೇಳಲಿಲ್ಲ, ಅಲ್ಲಿ ಹೇಳಿದಳು. ಹೇಳಿ, ಅತ್ತು, ಮೂಗು ಒರೆಸಿಕೊಂಡು ಮತ್ತೆ ಕಳೆ ಕೀಳಲು ಕೂತಳು. ಸಂಜೆ ಮನೆಗೆ ಹೊರಟಾಗ ಎದೆ ಹಗುರ. ಪಕ್ಕದ ಹೊಲದ ಬುನಿ ಅಲ್ಲಿಂದಲೇ ಕೂಗುವಳು:

“ಏನೇ ಮಲ್ಜಾ, ನಿಮ್ಮಕ್ಕ ಇವತ್ತೇನಂದ್ಳು?”

“ಬುನಿಯ ಬೆಳ್ಳುಳ್ಳಿ ಪಾತಿ ಅವಳ ಹಲ್ಲಿನಷ್ಟೇ ಸೊಟ್ಟ ಅಂದ್ಳು.”

ಹೀಗೆ ವರ್ಷಗಳು ಉರುಳಿದವು. ಅತ್ತೆ ಹೋದಳು. ಗಿಲ್ಬೋನ ಕೂದಲು ನೆರೆಯಿತು, ಮಾತು ಮಾತ್ರ ಬರಲಿಲ್ಲ. ಮಗಳು ಹುಟ್ಟಿದಳು, ಬೆಳೆದಳು, ಅದೇ ಊರಿನಲ್ಲೇ ಮದುವೆಯಾದಳು. ವರ್ಷದ ಎಂಟನೇ ತಿಂಗಳಲ್ಲಿ ಎಲ್ಲರೂ ತಮ್ಮ ತಮ್ಮ ಹಿರಿಯರ ಸಮಾಧಿಯ ಹುಲ್ಲು ಕೊಯ್ಯುವಾಗ ಮಲ್ಜಾ ಅಕ್ಕನ ಹುಲ್ಲು ಕೊಯ್ಯುವಳು. ‘ನನಗೇನು ಕಡಿಮೆ?’ ಎಂದು ಅವಳು ಅಂದುಕೊಂಡರೆ ಅದು ಬರೀ ಬಾಯಿಮಾತಾಗಿರಲಿಲ್ಲ.

ಕಾಡುತ್ತಿದ್ದದ್ದು ಒಂದೇ. ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಎಡಗಡೆ, ಅವಳು ಮುಚ್ಚಿದ ಅದೇ ಜಾಗದಲ್ಲಿ, ನಾಲ್ಕೈದು ಕಲ್ಲು ಉದುರಿರುತ್ತಿದ್ದವು. ಹೊರಕ್ಕೆ. ಒಳಗಿನಿಂದ ಯಾರೋ ತಳ್ಳಿದ ಹಾಗೆ. ಗೋಡೆಯ ಬೇರೆ ಕಡೆ ಒಂದು ಚಕ್ಕೆಯೂ ಅಲುಗಿರುತ್ತಿರಲಿಲ್ಲ. ಜಗತ್ತಿನ ಸುದ್ದಿಯೆಲ್ಲ ಅಕ್ಕನ ಬಳಿ ಆಡುವವಳು ಇದರ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ. ಕಲ್ಲೆತ್ತಿ ಮತ್ತೆ ಜೋಡಿಸುವಳು. ಜೋಡಿಸುವಾಗ ಕೆಲವೊಮ್ಮೆ ಗೋಡೆಯೊಳಗಿಂದ ತಣ್ಣನೆಯ ಗಾಳಿ ಬೆರಳಿಗೆ ತಾಗುತ್ತಿತ್ತು. ಆ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅವಳಿಗೆ ನಲವತ್ತಾದ ವರ್ಷ, ಹುಲ್ಲು ಕೊಯ್ಯುವ ದಿನಗಳಲ್ಲೇ, ಟೊಪ್ಪಿ ಹಾಕಿದ ಮುದುಕನೊಬ್ಬ ಹೊಲದ ಅಂಚಿನಲ್ಲಿ ಬಂದು ನಿಂತ. ಕೈಯಲ್ಲಿ ಕುಡುಗೋಲು, ಪ್ಯಾಂಟಿನ ತುಂಬ ಮುಳ್ಳು. ಅವಳು ಊಟಕ್ಕೆ ಕೂತಿದ್ದಳು.

“ತಾಯೀ, ಇದು ಹೆಂಗಸಿನ ಸಮಾಧಿಯೇನಮ್ಮಾ?”

“ಹೌದು, ನಮ್ಮಕ್ಕಂದು. ಬಾಗಿಲು ಕಾಣಲ್ವಾ?”

ಮುದುಕ ಬಾಗಿಲು ನೋಡಿದ, ಒಳಗಿಟ್ಟ ತುತ್ತು ನೋಡಿದ, ಟೊಪ್ಪಿ ತೆಗೆದು ತಲೆಬಾಗಿ ಮುಂದಿನ ಹೊಲಕ್ಕೆ ಹೋದ. ಆಮೇಲೂ ನಾಲ್ಕೈದು ವರ್ಷ ಅದೇ ದಿನಗಳಲ್ಲಿ ದೂರದ ಹೊಲಗಳಲ್ಲಿ ಕಾಣಿಸಿಕೊಂಡ. ಪ್ರತಿ ಸಲವೂ ಮಲ್ಜಾ ತಲೆ ತಗ್ಗಿಸಿ ಕಳೆ ಕಿತ್ತಳು. ಒಂದು ವರ್ಷ ಅವನು ಬರಲಿಲ್ಲ, ಮತ್ತೆಂದೂ ಬರಲಿಲ್ಲ.

ಆ ಮುದುಕನ ಮಗ ಬಂದದ್ದು ಮಲ್ಜಾಳಿಗೆ ಅರವತ್ತು ದಾಟಿದ ಮೇಲೆ. ಹೆಸರು ಕೋ ಜೇಮನ್, ಜಪಾನಿನ ಒಸಾಕಾದಲ್ಲೇ ಹುಟ್ಟಿ ಬೆಳೆದ ದಡೂತಿ ಮನುಷ್ಯ. ಊರಿನ ಮುಖ್ಯಸ್ಥನನ್ನು ಜೊತೆಗೆ ಕರೆದುಕೊಂಡು ಬಂದಿದ್ದ. ಮುತ್ತಾತನ ಮೂಳೆಗಳನ್ನು ತೆಗೆದು ಕುಟುಂಬದವರ ಜೊತೆ ಸೇರಿಸಬೇಕಂತೆ. ಸಮಾಧಿಯ ಮುಂದೆ ಬಟ್ಟಲು ಹಿಡಿದ ಕಲ್ಲಿನ ಮಗು ಇದೆ, ಅದರ ಒಂದು ಕಿವಿ ಮುರಿದಿದೆ ಎಂದು ಸೋದರತ್ತೆ ಸಾಯುವ ಮುಂಚೆ ಹೇಳಿದ್ದಳಂತೆ. ಗೋಡೆಯ ಮೇಲಿಂದ ಬಗ್ಗಿ ನೋಡಿದ. ಕಲ್ಲಿನ ಮಗು ಅಲ್ಲೇ ಇತ್ತು. ಪ್ರತಿ ವರ್ಷ ಅದರ ಪಾಚಿ ಉಜ್ಜಿ ತೆಗೆಯುತ್ತಿದ್ದವಳು ಮಲ್ಜಾಳೇ.

“ಕಿವಿ ಮುರಿದಿದೆ!” ಎಂದ ಜೇಮನ್. ಮರುಕ್ಷಣವೇ ಅವನ ದನಿ ಇಳಿಯಿತು. “ಆದ್ರೆ ಬಾಗಿಲು ಬಲಕ್ಕಿದೆ.”

“ಇಂಥ ಕಲ್ಲು ಊರ ತುಂಬ ಬಿದ್ದಿವೆ ಕಣಯ್ಯಾ,” ಎಂದ ಮುಖ್ಯಸ್ಥ. “ಯಾರದೋ ಮನೆ ಹೆಣ್ಣುಮಗಳ ಸಮಾಧಿ ಅಗೆದು ಪಾಪ ಕಟ್ಕೋಬೇಡ. ನಡಿ.”

“ಅಪ್ಪ ಹುಡುಕೀ ಹುಡುಕೀ ಸತ್ರು. ನನ್ನ ಹಣೇಲೂ ಅಷ್ಟೇ ಬರೆದಿದೆ,” ಎನ್ನುತ್ತ ಜೇಮನ್ ತಿರುಗಿದ.

ಸುಮ್ಮನಿದ್ದರೆ ಸಾಕಿತ್ತು. ಅವರು ಹೋಗಿಬಿಡುತ್ತಿದ್ದರು, ಅಕ್ಕ ಅವಳಿಗೇ ಉಳಿಯುತ್ತಿದ್ದಳು, ಸಾಯುವ ತನಕ ಮಧ್ಯಾಹ್ನದ ಊಟಕ್ಕೊಂದು ಜೊತೆ ಇರುತ್ತಿತ್ತು. ಮಲ್ಜಾ ಸುಮ್ಮನಿದ್ದಳು ಕೂಡ. ಅವರು ದಾರಿಯ ತಿರುವಿನವರೆಗೆ ಹೋದರು. ಆಗ ಅವಳ ಬೆನ್ನ ಹಿಂದೆ, ಎಲೆಯೂ ಅಲುಗದ ಆ ಹೊತ್ತಿನಲ್ಲಿ, ಎಡಗಡೆಯಿಂದ ಒಂದು ಕಲ್ಲು ಉರುಳಿ ಬಿತ್ತು.

“ನಿಲ್ರಪ್ಪಾ!” ಎಂದು ಅವಳು ಕಿರುಚಿದಳು. “ಬಾಗಿಲು ಎಡಕ್ಕೇ ಇತ್ತು! ಮುಚ್ಚಿದೋಳು ನಾನು!”

ಮುಖ್ಯಸ್ಥ ಓಡಿಬಂದ. “ಥೂ ನಿನ್ನ! ಸತ್ತೋರ ಬಾಗಿಲು ಮುಚ್ಚೋದಾ? ಬುದ್ಧಿ ಎಲ್ಲಿಟ್ಟಿದ್ದೆ? ನಲವತ್ತು ವರ್ಷ ಒಳಗೇ ಕೂಡಿಹಾಕಿದ್ಯಲ್ಲೇ!”

“ಬೈಯಣ್ಣಾ, ಬೈಯಿ,” ಎಂದಳು ಮಲ್ಜಾ.

ನಾಲ್ಕನೆಯ ದಿನ ಬೆಳಗ್ಗೆ ಅಗೆದರು. ಮೂಳೆಗಳ ಪಕ್ಕದಲ್ಲಿ ಹಿತ್ತಾಳೆಯ ಚಿಲುಮೆ ಸಿಕ್ಕಿತು.

“ಅಯ್ಯೋ, ನಿಮ್ಮಕ್ಕ ಹೊಗೆ ಸೇದ್ತಿದ್ಳೇನೇ?” ಎಂದಳು ಬುನಿ. ಯಾರೂ ನಗಲಿಲ್ಲ, ಬುನಿಯೂ ನಗಲಿಲ್ಲ. ಮಲ್ಜಾಳ ಕಿವಿ ಕೆಂಪೇರಿದವು. ಮುಟ್ಟಿನ ನೋವು, ಹೆರಿಗೆ, ಹಾಸಿಗೆಯ ಗುಟ್ಟು, ಹೆಂಗಸರ ಮುಂದೆಯೂ ಆಡದ್ದನ್ನೆಲ್ಲ ಅವಳು ಒಬ್ಬ ಗಂಡಸಿನ ಮುಂದೆ ಆಡಿದ್ದಳು. ನಾಚಿಕೆಯೇನೋ ಸಹಿಸಬಹುದಿತ್ತು. ತಾನು ಹೊರಗೆ ಕೂತು ಸಾರಿನ ಕಥೆ ಹೇಳುತ್ತಿದ್ದಾಗ ಒಳಗೆ ಒಬ್ಬ ಮುದುಕ ಬಾಗಿಲು ತಡಕುತ್ತಿದ್ದನಲ್ಲ, ಅದನ್ನು ಸಹಿಸಲಾಗಲಿಲ್ಲ.

ಮೂಳೆಗಳನ್ನು ಬಿಳಿ ಕಾಗದದಲ್ಲಿ ಸುತ್ತಿದ ಮೇಲೆ ಖಾಲಿ ಗುಂಡಿಗೆ ಮೂರು ಮೊಟ್ಟೆ ಇಡುವುದು ಕ್ರಮ. ನೆಲದ ದೇವರು ಬಂದು, ಇಲ್ಲಿದ್ದವನು ಎಲ್ಲಿಗೆ ಹೋದ ಎಂದು ಕೇಳಿದರೆ, ಕಣ್ಣು ಬಾಯಿ ಇಲ್ಲದ ಮೊಟ್ಟೆ ಏನು ಹೇಳೀತು?

ಜೇಮನ್ ಮೊಟ್ಟೆಗಳನ್ನು ಮಲ್ಜಾಳ ಕೈಗೆ ಕೊಟ್ಟ. “ಇಷ್ಟು ವರ್ಷ ಜೊತೆಗಿದ್ದೋರು ನೀವು. ನೀವೇ ಇಡಿ ಅತ್ತೆ.”

ಸೋದರತ್ತೆಯನ್ನು ಕರೆದ ಹಾಗೆ ಕರೆದ ಆ ‘ಅತ್ತೆ’ ಎಂಬ ಮಾತು ಅವಳನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಗುಂಡಿಗಿಳಿದು ಎರಡು ಮೊಟ್ಟೆ ಇಟ್ಟಳು. ಮೂರನೆಯದನ್ನು ಹಿಡಿದು ತಲೆ ಎತ್ತಿದಳು.

“ನಿಮ್ಮಪ್ಪ ಇಲ್ಲಿಗೆ ಬಂದಿದ್ರು ಕಣಪ್ಪಾ. ಇಲ್ಲೇ ನಿಂತು ಕೇಳಿದ್ರು. ನಾನು ನಮ್ಮಕ್ಕನ ಸಮಾಧಿ ಅಂದೆ. ಹೊರಟೋದ್ರು. ಯಾರನ್ನ ಹುಡುಕ್ತಿದ್ದಾರೆ ಅಂತ ಆಗಲೇ ಗೊತ್ತಾಯ್ತು ನಂಗೆ. ಗೊತ್ತಿದ್ದೂ ಸುಮ್ಮನಿದ್ದೆ.”

ಜೇಮನ್ ಗುಂಡಿಯ ಅಂಚಿಗೆ ಬಂದು ಕುಕ್ಕರಿಸಿದ.

“ಆ ಹೆಂಗಸು ನೀವೇನಾ?” ಎಂದ. “ಅಪ್ಪ ಮನೇಲಿ ಹೇಳ್ತಾನೇ ಇರ್ತಿದ್ರು. ಒಂದು ಹೊಲದಲ್ಲಿ ಒಬ್ಬಳು ಅಕ್ಕನ ಸಮಾಧಿಗೆ ಮೊದಲ ತುತ್ತು ಇಟ್ಟು ಆಮೇಲೆ ತಾನು ಉಣ್ತಾಳೆ ಕಣೋ, ಆ ಅಕ್ಕ ಏನು ಪುಣ್ಯ ಮಾಡಿದ್ಳೋ ಅಂತ. ನಮ್ಮ ತಾತಂಗೆ ಅಂಥೋರು ಒಬ್ರು ಇದಾರೆ ಅಂತ ಗೊತ್ತಾಗಿದ್ರೆ ಹುಡುಕೋದನ್ನೇ ಬಿಟ್ಟು ನೆಮ್ಮದಿಯಾಗಿ ಸಾಯ್ತಿದ್ದೆ ಅಂತ.”

ಮಲ್ಜಾ ಗುಂಡಿಯಲ್ಲೇ ಕುಸಿದು ಕೂತಳು. ಬುನಿ ಮೇಲಿಂದ ಕೈ ಚಾಚಿದಳು, ಹೆಸರು ಹಿಡಿದು ಎರಡು ಸಲ ಕರೆದಳು. ಮಲ್ಜಾ ಆ ಕೈ ಹಿಡಿಯಲಿಲ್ಲ.